ಒಂದು ಲೀಟರ್‌ಗೆ ಒಂದು ಪೊಟ್ಟಣ: ಹೈಟಿಯ ಕಾಲರಾವನ್ನು ಎದುರಿಗಿಟ್ಟುಕೊಂಡು ಓಆರ್‌ಎಸ್ ಪುಡಿಯ ವಿಮರ್ಶೆ

ಇಲ್ಲಿ ನಾನು ವಿಮರ್ಶಿಸಹೊರಟಿರುವುದು ಯಾವುದೋ ಒಂದು ಕಂಪನಿಯ ಸರಕನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಸರಿಯಾಗಿ ತಯಾರಾಗುವ, 20.5 ಗ್ರಾಂ ತೂಕದ, ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಓಆರ್‌ಎಸ್ ಪುಡಿಯ ಪೊಟ್ಟಣವನ್ನು. ಆಶಾ ಕಾರ್ಯಕರ್ತೆಯರು ಮಳೆಗಾಲಕ್ಕೆ ಮೊದಲು ಮನೆಮನೆಗೆ ಕೊಟ್ಟು ಹೋಗುವುದೂ, ಶಾಲೆಯ ಪಾಠದಲ್ಲಿ ‘ಜೀವಜಲ’ ಎಂದು ಕರೆಸಿಕೊಳ್ಳುವುದೂ, ಮೆಡಿಕಲ್ ಅಂಗಡಿಯಲ್ಲಿ ಇಪ್ಪತ್ತು ಚಿಲ್ಲರೆ ರೂಪಾಯಿಗೆ ಸಿಗುವುದೂ ಇದೇ. ಮಕ್ಕಳ ಸಾಮಾನ್ಯ ಭೇದಿಗೆ ಇದು ಒಳ್ಳೆಯದೆಂದು ಎಲ್ಲ ತಾಯಂದಿರಿಗೂ ಗೊತ್ತಿದೆ. ಆದರೆ ಈ ಪುಡಿ ಹುಟ್ಟಿದ್ದೇ ಕಾಲರಾದ ರೋಗಿಗಳ ಹಾಸಿಗೆಯ ಪಕ್ಕದಲ್ಲಿ. ಆದ್ದರಿಂದ ಇದರ ಯೋಗ್ಯತೆಯನ್ನು ಅಳೆಯಬೇಕಾದರೆ ಕಾಲರಾ ಊರಿಗೆ ಊರನ್ನೇ ಹಿಡಿದಾಗ ಇದು ಏನು ಮಾಡಿತು, ಏನು ಮಾಡಲಾರದೆ ಹೋಯಿತು ಎಂಬುದನ್ನು ನೋಡಬೇಕು. ಇತ್ತೀಚಿನ ಕಾಲದಲ್ಲಿ ಅಂಥ ಪರೀಕ್ಷೆ ಅತ್ಯಂತ ಕಠಿಣವಾಗಿ ನಡೆದದ್ದು ಕೆರಿಬಿಯನ್ ಸಮುದ್ರದ ದ್ವೀಪದೇಶ ಹೈಟಿಯಲ್ಲಿ, 2010ರ ಅಕ್ಟೋಬರ್‌ನಿಂದ ಮೊದಲ್ಗೊಂಡು. ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ ಈ ಪುಡಿಯ ನೀರಿಗೆ ‘ಸೆರೋಂ ಓರಾಲ್’ ಎನ್ನುತ್ತಾರೆ.

ಮೊದಲು ಪೊಟ್ಟಣದ ವಿಷಯ. ನಾನು ತಂದದ್ದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕತ್ತರಿಸಿ ತಟ್ಟೆಗೆ ಸುರಿದೆ. ಸಣ್ಣ ಸಕ್ಕರೆಯಷ್ಟು ನುಣುಪಾದ ಬಿಳಿ ಪುಡಿ; ಒಂದು ಮುಷ್ಟಿಯೂ ತುಂಬುವುದಿಲ್ಲ. ಅದರಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇವೆ. ಈ ನಾಲ್ಕರ ಹೊರತು ಇರಲೇಬೇಕಾದ ಐದನೆಯ ವಸ್ತು ಯಾವುದೂ ಇಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಪುಡಿಯನ್ನು ಹಾಕಿ ಕಲಕಿದರೆ ಅರ್ಧ ನಿಮಿಷದೊಳಗೆ ಗಸಿ ಉಳಿಯದಂತೆ ಕರಗಿತು. ರುಚಿ ಕಣ್ಣೀರಿನ ಉಪ್ಪಿಗೆ ಸಮೀಪ, ಹಿಂದೆಯೇ ಒಂದು ಮಂಕು ಸಿಹಿ. ಆರೋಗ್ಯವಂತರಿಗೆ ಇದು ಸೇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಮದುವೆಯೂಟ ಮಾಡಿ ಬಂದು ರಾತ್ರಿಯಿಡೀ ವಾಂತಿಭೇದಿಯಿಂದ ನಲುಗಿದ ಅಮ್ಮ ಮೊದಲ ಲೋಟವನ್ನು ಮುಖ ಕಿವುಚಿಕೊಂಡು ಕುಡಿದವಳು, ಮೂರನೆಯ ಲೋಟಕ್ಕೆ ತಾನೇ ಕೈಚಾಚಿದಳು. ನೀರು ಕಳೆದುಕೊಂಡ ದೇಹ ಈ ರುಚಿಯನ್ನು ಬೇಡವೆನ್ನುವುದಿಲ್ಲ; ನೀರಿನಂಶ ತುಂಬಿಕೊಂಡ ಮೇಲೆ ಬಾಯಾರಿಕೆ ತಾನಾಗಿಯೇ ಇಳಿಯುತ್ತದೆ.

ಉಪ್ಪಿನ ಜೊತೆ ಗ್ಲೂಕೋಸ್ ಏಕೆ ಎಂಬುದರಲ್ಲಿ ಈ ಪುಡಿಯ ಇಡೀ ವಿದ್ಯೆ ಅಡಗಿದೆ. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಹರಿಯುವುದಿಲ್ಲ, ಸುಡುವುದಿಲ್ಲ. ಅದು ಬಿಡುವ ವಿಷವು ಗೋಡೆಯ ಜೀವಕೋಶಗಳಿಗೆ ನೀರು ಮತ್ತು ಲವಣವನ್ನು ಹೊರಹಾಕುತ್ತಲೇ ಇರುವಂತೆ ಮಾಡುತ್ತದೆ. ಅಕ್ಕಿ ತೊಳೆದ ಅಕ್ಕಚ್ಚಿನಂತೆ ಕಾಣುವ ಭೇದಿ ಅದೇ. ಉಲ್ಬಣಗೊಂಡ ರೋಗಿಯಿಂದ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಲ್ಲದು. ಆಗ ಬರಿಯ ನೀರು ಕುಡಿಸಿದರೂ ಬರಿಯ ಉಪ್ಪುನೀರು ಕುಡಿಸಿದರೂ ಕರುಳು ಹೀರಿಕೊಳ್ಳದು. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಹೋಗುವ ಒಂದು ಬಾಗಿಲನ್ನು ಆ ವಿಷ ಮುಚ್ಚಲಾರದು. ಆ ಜೋಡಿಯ ಹಿಂದೆಯೇ ನೀರೂ ಒಳಹೋಗುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ತೋರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಲಕ್ಷಗಟ್ಟಲೆ ಬಂದಿಳಿದು, ಸಲೈನ್ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಆ ಶಿಬಿರದಲ್ಲಿ ರೋಗಿಗಳ ಪೈಕಿ ಸಾಯುವವರ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ನರ್ಸ್ ಅಲ್ಲದವರೂ ಚಿಕಿತ್ಸೆ ಕೊಡಬಹುದು ಎಂದು ತೋರಿದ್ದು ಆಗಲೇ. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಇನ್ನು ಹೈಟಿ. 2010ರ ಜನವರಿ 12ರ ಭೂಕಂಪವು ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನ ದೊಡ್ಡ ಭಾಗವನ್ನು ನೆಲಸಮ ಮಾಡಿತ್ತು. ಡೇರೆಗಳಲ್ಲಿ ವಾಸಿಸುತ್ತಿದ್ದ ಜನರ ನಡುವೆ ಯಾವುದಾದರೂ ರೋಗ ಎದ್ದೀತು ಎಂದು ಎಲ್ಲರೂ ರಾಜಧಾನಿಯ ಕಡೆಗೆ ಕಣ್ಣಿಟ್ಟಿದ್ದರು. ಕಾಲರಾ ಎದ್ದದ್ದು ಭೂಕಂಪ ಮುಟ್ಟದ ಒಳನಾಡಿನಲ್ಲಿ. ಮಿರ್ಬಲೆ ಎಂಬ ಪಟ್ಟಣದ ಹತ್ತಿರ, ಮೆಯ್ ಎಂಬ ಹಳ್ಳಿಯ ಪಕ್ಕ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಒಂದು ಶಿಬಿರವಿತ್ತು. ಅಲ್ಲಿಗೆ ಅಕ್ಟೋಬರ್ ತಿಂಗಳಲ್ಲಿ ನೇಪಾಳದಿಂದ ಹೊಸ ತುಕಡಿ ಬಂದಿಳಿದಿತ್ತು. ಅದಕ್ಕೆ ಸ್ವಲ್ಪ ಮೊದಲು ನೇಪಾಳದಲ್ಲಿ ಕಾಲರಾ ಹಬ್ಬಿತ್ತು. ಶಿಬಿರದ ಮಲಿನ ನೀರು ಪಕ್ಕದ ತೊರೆಗೆ ಸೇರುತ್ತಿತ್ತು, ತೊರೆ ಮುಂದೆ ಆರ್ಟಿಬೊನೈಟ್ ನದಿಗೆ. ಮೊದಲ ರೋಗಿಗಳು ಕಾಣಿಸಿದ್ದು ಅಕ್ಟೋಬರ್ ಮಧ್ಯದಲ್ಲಿ, ಆ ತೊರೆಯ ನೀರು ಕುಡಿಯುವ ಮನೆಗಳಲ್ಲಿ.

ಈ ಮಾತನ್ನು ಊಹೆಯ ಮೇಲೆ ಯಾರೂ ಹೇಳಲಿಲ್ಲ. ಹೈಟಿ ಸರ್ಕಾರದ ಕೋರಿಕೆಯ ಮೇರೆಗೆ ಬಂದ ಫ್ರಾನ್ಸ್‌ನ ಸಾಂಕ್ರಾಮಿಕ ರೋಗಗಳ ತಜ್ಞ ರೆನೋ ಪಿಯಾರು ಅವರು ಪ್ರತಿ ಕಮ್ಯೂನಿನಲ್ಲಿ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಯಾವ ದಿನ ಎಷ್ಟು ಜನ ಬಿದ್ದರು ಎಂದು ಬರೆದು ನಕ್ಷೆಯ ಮೇಲಿಟ್ಟು ನೋಡಿದರು. ನದಿಯ ಮೇಲ್ಭಾಗದಲ್ಲಿ ಬೆರಳೆಣಿಕೆಯ ರೋಗಿಗಳು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ, ಅಕ್ಟೋಬರ್ 20ರ ಸುಮಾರಿಗೆ, ಕೆಳಗಿನ ಭತ್ತದ ಬಯಲಿನ ಹಲವು ಕಮ್ಯೂನುಗಳಲ್ಲಿ ಒಟ್ಟಿಗೇ ನೂರಾರು ಜನ ಬಿದ್ದರು. ಮನುಷ್ಯರಿಂದ ಮನುಷ್ಯರಿಗೆ ದಾಟುತ್ತ ಹೋಗುವ ರೋಗದ ರೇಖೆ ಹೀಗಿರುವುದಿಲ್ಲ. ಅದು ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ. ಎಲ್ಲ ಊರುಗಳಲ್ಲೂ ಒಂದೇ ದಿನ ಗೋಡೆಯಂತೆ ಎದ್ದುನಿಂತ ರೇಖೆಗೆ ಅರ್ಥ ಒಂದೇ: ಎಲ್ಲರೂ ಒಂದೇ ನೀರನ್ನು ಮುಟ್ಟಿದ್ದಾರೆ. ಗದ್ದೆಯಲ್ಲಿ ದುಡಿಯುವವರು ಕಾಲುವೆಯ ನೀರನ್ನೇ ಕುಡಿಯುತ್ತಿದ್ದರು. ಆಮೇಲೆ ಬಯಲಿನಿಂದ ಓಡಿಹೋದ ಜನ ರೋಗವನ್ನು ಗುಡ್ಡಗಾಡಿಗೂ ರಾಜಧಾನಿಗೂ ಒಯ್ದರು. ಅಲ್ಲಿಂದ ಮುಂದಿನ ರೇಖೆ ಏರುವ ರೀತಿಯೇ ಬೇರೆಯಾಯಿತು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಹೈಟಿಯ ಬ್ಯಾಕ್ಟೀರಿಯಾವೂ ನೇಪಾಳದ್ದೂ ಬಹುತೇಕ ಒಂದೇ ಎಂದು ತೋರಿಸಿತು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್ 1ರಂದು. ಆರು ವರ್ಷ ಬೇಕಾಯಿತು ಎಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಪುಡಿಯ ಪರೀಕ್ಷೆ ಆರಂಭವಾಗುವುದು ಇಲ್ಲಿಂದ. ಆ ದೇಶದಲ್ಲಿ ಒಂದು ಶತಮಾನದಿಂದ ಕಾಲರಾ ದಾಖಲಾಗಿರಲಿಲ್ಲ. ಹಾಗಾಗಿ ಯಾರ ದೇಹದಲ್ಲಿಯೂ ಪ್ರತಿರೋಧ ಇರಲಿಲ್ಲ. ಯಾವ ನರ್ಸೂ ಅಂಥ ರೋಗಿಯನ್ನು ಕಂಡಿರಲಿಲ್ಲ. ಒಂದು ತಿಂಗಳೊಳಗೆ ಹತ್ತೂ ಪ್ರಾಂತಗಳಿಗೆ ರೋಗ ಹಬ್ಬಿತು. ಆರೋಗ್ಯ ಸಚಿವಾಲಯದ ಲೆಕ್ಕದಂತೆ 2010ರ ಅಕ್ಟೋಬರ್ 20ರಿಂದ 2012ರ ಅಕ್ಟೋಬರ್ 20ರವರೆಗಿನ ಎರಡು ವರ್ಷಗಳಲ್ಲಿ 6,04,634 ಜನರಿಗೆ ರೋಗ ತಗುಲಿತು, 3,29,697 ಜನ ಆಸ್ಪತ್ರೆಗೆ ದಾಖಲಾದರು, 7,436 ಜನ ಸತ್ತರು. ಸುಮಾರು ಒಂದು ಕೋಟಿ ಜನರ ದೇಶದಲ್ಲಿ ಪ್ರತಿ ನೂರು ಜನರ ಪೈಕಿ ಆರು ಜನ ಹಾಸಿಗೆ ಹಿಡಿದರು ಎಂದರ್ಥ. ಅದರಲ್ಲೂ ಐದು ಜನ ಮೊದಲ ವರ್ಷದಲ್ಲೇ.

ಈ ಅಂಕಿಗಳಲ್ಲಿ ಪೊಟ್ಟಣದ ಪಾಲು ಎಷ್ಟೆಂದು ಕೇಳುವುದು ನ್ಯಾಯ. ಒಟ್ಟು ರೋಗಿಗಳಿಂದ ದಾಖಲಾದವರನ್ನು ಕಳೆದರೆ ಎರಡು ಲಕ್ಷ ಎಪ್ಪತ್ತೈದು ಸಾವಿರದಷ್ಟು ಜನ ಉಳಿಯುತ್ತಾರೆ. ಇವರಲ್ಲಿ ಬಹುಮಂದಿ ಹಾಸಿಗೆಯನ್ನೇ ಏರದೆ, ಬೆಂಚಿನ ಮೇಲೋ ಮರದ ನೆರಳಿನಲ್ಲೋ ಕುಳಿತು, ಈ ಉಪ್ಪು-ಸಿಹಿ ನೀರನ್ನು ಕುಡಿದು ಮನೆಗೆ ನಡೆದವರು. ಅಲ್ಲಿನ ವ್ಯವಸ್ಥೆಯೇ ಮೂರು ಹಂತದ್ದಾಗಿತ್ತು: ದೊಡ್ಡ ಚಿಕಿತ್ಸಾ ಕೇಂದ್ರಗಳು, ಅವುಗಳಿಗಿಂತ ಚಿಕ್ಕ ಘಟಕಗಳು, ಎಲ್ಲಕ್ಕಿಂತ ಕೆಳಗೆ ಹಳ್ಳಿಯೊಳಗೆ ಪುಡಿ ಕಲಸಿ ಕುಡಿಸುವ ತಾಣಗಳು. ಕೇಂದ್ರದೊಳಗಿನ ಮಂಚಕ್ಕೆ ನಡುವೆ ಒಂದು ತೂತು, ಅದರ ಕೆಳಗೆ ಗೆರೆ ಹಾಕಿದ ಬಕೆಟ್ಟು. ಬಕೆಟ್ಟಿನಲ್ಲಿ ಎಷ್ಟು ಲೀಟರ್ ಬಿದ್ದಿತೋ ಅಷ್ಟನ್ನು ಬಾಯಿಂದಲೋ ರಕ್ತನಾಳದಿಂದಲೋ ಒಳಗೆ ತುಂಬಬೇಕು; ಕಾಲರಾ ಚಿಕಿತ್ಸೆಯ ಮುಖ್ಯ ಗಣಿತ ಇಷ್ಟೇ. ಚಿಕಿತ್ಸೆ ಸಿಗದ ಉಲ್ಬಣ ಕಾಲರಾದಲ್ಲಿ ಅರ್ಧದಷ್ಟು ರೋಗಿಗಳು ಸಾಯಬಹುದು. ಸರಿಯಾಗಿ ನೀರು ತುಂಬಿದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬೇರೆ ಯಾವ ಮಾರಕ ರೋಗದಲ್ಲಿ ಇಷ್ಟು ಅಗ್ಗದ ವಸ್ತುವಿಗೆ ಇಷ್ಟು ದೊಡ್ಡ ಅಂತರವನ್ನು ತರುವ ಶಕ್ತಿ ಇದೆಯೋ ನಾನು ಕಾಣೆ.

ಹೈಟಿಯ ರೋಗಿಗಳಲ್ಲಿ ಸತ್ತವರ ಪ್ರಮಾಣ ಮೊದಲ ವಾರಗಳಲ್ಲಿ ಹೆಚ್ಚಿದ್ದು, ಕೇಂದ್ರಗಳು ತೆರೆದಂತೆ, ಪುಡಿಯೂ ಸಲೈನೂ ಹಳ್ಳಿ ತಲುಪಿದಂತೆ ಇಳಿಯುತ್ತ ಬಂದು, ಎರಡನೆಯ ವರ್ಷದ ಕೊನೆಗೆ ಒಟ್ಟಾರೆ ಶೇ. 1.2ಕ್ಕೆ ನಿಂತಿತು. ಆದರೆ ಈ ಸರಾಸರಿಯನ್ನು ನೋಡಿ ಸಮಾಧಾನಪಡಬಾರದು. ಪ್ರಾಂತಗಳನ್ನು ಬೇರೆ ಬೇರೆಯಾಗಿ ನೋಡಿದರೆ ಅದು ಶೇ. 0.6ರಿಂದ ಶೇ. 4.6ರವರೆಗೆ ಹರಡಿಕೊಂಡಿತ್ತು. ಅದೇ ಬ್ಯಾಕ್ಟೀರಿಯಾ, ಅದೇ ಪುಡಿ, ಅದೇ ಸೂತ್ರ. ಒಂದು ಪ್ರಾಂತಕ್ಕಿಂತ ಇನ್ನೊಂದರಲ್ಲಿ ಏಳೆಂಟು ಪಟ್ಟು ಸಾವು. ಕಾಲರಾ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಬೆಳಗ್ಗೆ ಗದ್ದೆಗೆ ಹೋದವನಿಗೆ ಮಧ್ಯಾಹ್ನ ಭೇದಿ ಆರಂಭವಾಗಿ, ಚಿಕಿತ್ಸಾ ಕೇಂದ್ರಕ್ಕೆ ನಾಲ್ಕು ಗಂಟೆಯ ಕಾಲ್ನಡಿಗೆಯ ಗುಡ್ಡದ ಹಾದಿ ಇದ್ದರೆ, ಅವನ ಪಾಲಿಗೆ ಆ ಕೇಂದ್ರ ಇಲ್ಲದಂತೆಯೇ. ಅವನನ್ನು ಉಳಿಸಬಹುದಾದದ್ದು ಮನೆಯ ಮಾಡಿನ ಸಂದಿಯಲ್ಲಿ ಮೊದಲೇ ಸಿಕ್ಕಿಸಿಟ್ಟ ಎರಡು ಪೊಟ್ಟಣ ಮಾತ್ರ. ಆದ್ದರಿಂದ ಈ ಸರಕನ್ನು ಗುಣದಿಂದ ಎಷ್ಟು ತೂಗಬೇಕೋ ಅಷ್ಟೇ ಅದು ಇರುವ ದೂರದಿಂದಲೂ ತೂಗಬೇಕು. ಆಸ್ಪತ್ರೆಯ ಉಗ್ರಾಣದಲ್ಲಿ ಪೆಟ್ಟಿಗೆ ಪೆಟ್ಟಿಗೆ ಇದ್ದರೂ ರೋಗಿಯ ಕೈಗೆ ಅದು ಮೊದಲ ಗಂಟೆಯಲ್ಲಿ ಸಿಗದಿದ್ದರೆ ಸೂತ್ರ ಎಷ್ಟು ಪರಿಪೂರ್ಣವಾಗಿದ್ದು ಏನು ಫಲ.

ಇದರ ಇನ್ನೊಂದು ಗುಣವನ್ನು ನಾನು ಹೈಟಿಯ ಲೆಕ್ಕ ಓದುವವರೆಗೆ ಗಮನಿಸಿರಲಿಲ್ಲ. ಆ ಎರಡು ವರ್ಷಗಳಲ್ಲಿ ಪ್ರಯೋಗಾಲಯ ಪರೀಕ್ಷಿಸಿದ 2,703 ಮಲದ ಮಾದರಿಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಿಕ್ಕಿದ್ದು 1,675ರಲ್ಲಿ, ಅಂದರೆ ಶೇ. 62ರಲ್ಲಿ. ಉಳಿದವರಲ್ಲಿ ಕೆಲವರಿಗೆ ಬೇರೆ ಸೋಂಕಿನ ಭೇದಿ ಇದ್ದಿರಬಹುದು. ಕೆಲವರಲ್ಲಿ ಕಾಲರಾ ಇದ್ದೂ ಪರೀಕ್ಷೆಯಲ್ಲಿ ತಪ್ಪಿಹೋಗಿರಬಹುದು. ಅಷ್ಟೊಂದು ಜನ ಒಟ್ಟಿಗೆ ಬಿದ್ದಾಗ ಪ್ರತಿಯೊಬ್ಬರ ಮಲವನ್ನೂ ಪರೀಕ್ಷಿಸಲಾಗದು. ನೀರಿನಂಥ ಭೇದಿ ಎಂದ ಕೂಡಲೇ ಕಾಲರಾ ಎಂದು ಬರೆದುಕೊಳ್ಳಬೇಕಾಗುತ್ತದೆ. ರೋಗದ ಲೆಕ್ಕ ಇಡುವವರಿಗೆ ಇದು ತೊಡಕಿನ ವಿಷಯ. ಆದರೆ ಪುಡಿಗೆ ಯಾವ ತೊಡಕೂ ಇಲ್ಲ. ಭೇದಿಗೆ ಯಾವ ಸೂಕ್ಷ್ಮಾಣು ಕಾರಣವೋ ಅದು ಕೇಳುವುದಿಲ್ಲ. ರೋಗದ ಹೆಸರು ಗೊತ್ತಾಗುವ ಮೊದಲೇ ಶುರುಮಾಡಬಹುದಾದ ಚಿಕಿತ್ಸೆ ಇದು. ಆಂಟಿಬಯೋಟಿಕ್ ಕೂಡ ಕಾಲರಾದ ಅವಧಿಯನ್ನು ತಗ್ಗಿಸುತ್ತದೆ, ಆದರೆ ಅದನ್ನು ವೈದ್ಯರು ತೂಗಿನೋಡಿ ಕೊಡಬೇಕು. ಪುಡಿಯನ್ನು ಅಜ್ಜಿಯೂ ಕಲಸಿ ಕೊಡಬಹುದು.

ಈಗ ದೋಷಗಳಿಗೆ ಬರುತ್ತೇನೆ. ಮೊದಲನೆಯದು ಎಷ್ಟು ಸರಳವೆಂದರೆ ಹೇಳಲು ಮರೆತುಬಿಡುತ್ತೇವೆ: ಇದು ರೋಗಿಗೆ ಜೀವ ಕೊಡುತ್ತದೆಯೇ ಹೊರತು ರೋಗವನ್ನು ತಡೆಯುವುದಿಲ್ಲ. ಪೊಟ್ಟಣದ ನೀರು ಕುಡಿದವನ ಭೇದಿಯೂ ಹೋಗುತ್ತಲೇ ಇರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ. ಅದು ಮತ್ತೆ ಯಾವ ತೊರೆಗೆ ಸೇರುತ್ತದೆ ಎಂಬುದರ ಮೇಲೆ ಪಕ್ಕದ ಹಳ್ಳಿಯ ಹಣೆಬರಹ ನಿಂತಿದೆ. ಅದಕ್ಕೂ ಮಿಗಿಲಾಗಿ, ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಇಲ್ಲವೇ ಅಲ್ಪಸ್ವಲ್ಪ ಭೇದಿಯಾಗಿ ನಿಲ್ಲುತ್ತದೆ. ಅವರು ಕೇಂದ್ರಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಒಂದರಿಂದ ಹತ್ತು ದಿನ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತಿರುತ್ತಾರೆ. ಭೂಕಂಪಕ್ಕೆ ಮೊದಲೇ, 2008ರಲ್ಲಿ, ಹೈಟಿಯಲ್ಲಿ ಸುಧಾರಿತ ಶೌಚ ವ್ಯವಸ್ಥೆ ಇದ್ದದ್ದು ಶೇ. 17ರಷ್ಟು ಜನರಿಗೆ ಮಾತ್ರ. ಇಂಥ ನೆಲದಲ್ಲಿ ಸಾವಿನ ರೇಖೆ ಇಳಿದರೂ ರೋಗಿಗಳ ರೇಖೆ ಪ್ರತಿ ಮಳೆಗಾಲಕ್ಕೂ ಎದ್ದಿತು. 2011ರ ಮೇ-ಜೂನ್ ಮಳೆಗೆ ಒಮ್ಮೆ ಜೋರಾಗಿ, 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಚಂಡಮಾರುತ ದಕ್ಷಿಣದ ಕರಾವಳಿಯನ್ನು ಅಪ್ಪಳಿಸಿದಾಗ ಮತ್ತೊಮ್ಮೆ. 2019ರ ಆರಂಭದಲ್ಲಿ ಕೊನೆಯ ದೃಢಪಟ್ಟ ರೋಗಿ ಸಿಗುವ ಹೊತ್ತಿಗೆ ಒಟ್ಟು ಸಂಖ್ಯೆ 8,20,000 ಮುಟ್ಟಿತ್ತು, ಸತ್ತವರು 9,792. ಸತ್ತವರ ಪ್ರಮಾಣ ಮತ್ತೆ ಅದೇ ಶೇ. 1.2. ಅಂದರೆ ಮೊದಲ ಎರಡು ವರ್ಷಗಳ ನಂತರವೂ ಎರಡು ಲಕ್ಷಕ್ಕೂ ಮಿಕ್ಕಿ ಜನರಿಗೆ ರೋಗ ಬಂತು, ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಆ ರೋಗಿಗಳ ಸಂಖ್ಯೆಯನ್ನು ತಗ್ಗಿಸುವುದು ಪೊಟ್ಟಣದ ಕೈಲಾಗುವ ಕೆಲಸವಾಗಿರಲಿಲ್ಲ. ಅದು ನಲ್ಲಿಯ, ಕ್ಲೋರಿನ್ನಿನ, ಶೌಚಾಲಯದ ಕೆಲಸ.

ಎರಡನೆಯ ದೋಷ ಇದಕ್ಕಿಂತ ನೋಯಿಸುವಂಥದು. ನೀರಿನಿಂದ ಹಬ್ಬುವ ರೋಗಕ್ಕೆ ಕೊಡುವ ಈ ಮದ್ದು ಮೊದಲು ಬೇಡುವುದು ಒಂದು ಲೀಟರ್ ಶುದ್ಧ ನೀರನ್ನು. ಆರ್ಟಿಬೊನೈಟ್ ಬಯಲಿನ ತಾಯಿಯೊಬ್ಬಳ ಕೈಗೆ ಪೊಟ್ಟಣ ಸಿಕ್ಕಿದರೂ ಕಲಸಲು ಅವಳ ಬಳಿ ಇದ್ದದ್ದು ಅದೇ ಕಾಲುವೆಯ ನೀರು. ಕುದಿಸಲು ಸೌದೆಯೋ ಇದ್ದಿಲೋ ಬೇಕು, ಅದು ದುಬಾರಿ. ಅದಕ್ಕಾಗಿಯೇ ಅಲ್ಲಿ ಪುಡಿಯ ಜೊತೆ ಕ್ಲೋರಿನ್ ಮಾತ್ರೆಗಳನ್ನೂ ಸಾಬೂನನ್ನೂ ಹಂಚಬೇಕಾಯಿತು. ಹಾಗೆಂದು ಶುದ್ಧ ನೀರು ಸಿಗುವವರೆಗೆ ಕಾಯಬಾರದು. ರೋಗಿ ಒಣಗುತ್ತಿರುವಾಗ ಸಿಕ್ಕ ನೀರಿನಲ್ಲಿ, ಆದಷ್ಟು ಶುದ್ಧವಾದುದರಲ್ಲಿ, ಕಲಸಿ ಕುಡಿಸುವುದೇ ಸರಿ. ಆದರೆ ಈ ಪೊಟ್ಟಣವನ್ನು ಬಿಡಿ ವಸ್ತುವಾಗಿ ಹಂಚುವ ಯಾವುದೇ ಯೋಜನೆಯನ್ನು ನಾನು ಅರೆಬರೆ ಎಂದೇ ಹೇಳುತ್ತೇನೆ. ಪೊಟ್ಟಣ, ಕ್ಲೋರಿನ್ ಮಾತ್ರೆ, ಲೀಟರ್ ಗೆರೆ ಇರುವ ಒಂದು ಪಾತ್ರೆ: ಇವು ಮೂರೂ ಒಟ್ಟಿಗೆ ಹೋಗಬೇಕು.

ಪಾತ್ರೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಲೀಟರ್‌ನ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಐದು ಪಟ್ಟು ಹೆಚ್ಚಾಗಿ ಪ್ರಾಣಾಪಾಯವಾಗಬಹುದು. ಪುಡಿಯನ್ನು ಎರಡು ಮೂರು ಸಲಕ್ಕೆ ಹಂಚಿ ತೆಳ್ಳಗೆ ಕಲಸಿದರೆ ಕೆಲಸ ಮಾಡದು. ನಮ್ಮ ಮಾರುಕಟ್ಟೆಯಲ್ಲಿ 200 ಮಿಲಿಲೀಟರ್‌ನ ಚಿಕ್ಕ ಪೊಟ್ಟಣವೂ ಲೀಟರ್‌ನ ದೊಡ್ಡ ಪೊಟ್ಟಣವೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಬರುತ್ತವೆ. ನನ್ನ ಕೈಲಿದ್ದುದರ ಮೇಲೆ ಎಷ್ಟು ನೀರಿಗೆ ಎಂಬ ಸಾಲು ಹಿಂಭಾಗದಲ್ಲಿ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಯೂ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿತ್ತು. ಕಲಸಿದ ನೀರನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಬೇಕು ಎಂಬುದೂ ಅಲ್ಲೇ ಮೂಲೆಯಲ್ಲಿ.

ಸೂತ್ರದ ಬಗ್ಗೆಯೂ ಒಂದು ಮಾತು. ಮೊದಲಿನ ಪುಡಿಯಲ್ಲಿ ಲೀಟರ್‌ಗೆ ಸೋಡಿಯಂ 90 ಮಿಲಿಮೋಲ್ ಇತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು 75ಕ್ಕೆ ಇಳಿಸಿದವು. ಮಕ್ಕಳ ಭೇದಿಯಲ್ಲಿ ಇದರಿಂದ ವಾಂತಿಯೂ ಸಲೈನ್ ಏರಿಸಬೇಕಾದ ಸಂದರ್ಭಗಳೂ ಕಡಿಮೆಯಾದವು. ಆದರೆ ಕಾಲರಾದಲ್ಲಿ ವಯಸ್ಕರು ಕಳೆದುಕೊಳ್ಳುವ ಸೋಡಿಯಂ ಹೆಚ್ಚು. ಹೊಸ ಸೂತ್ರದಿಂದ ಕೆಲವರ ರಕ್ತದಲ್ಲಿ ಸೋಡಿಯಂ ಸ್ವಲ್ಪ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ, ಹೆಚ್ಚಿನ ಪಾಲು ಯಾವ ಲಕ್ಷಣವೂ ಇಲ್ಲದೆ. ಎಲ್ಲ ವಯಸ್ಸಿಗೂ ಎಲ್ಲ ಭೇದಿಗೂ ಒಂದೇ ಪೊಟ್ಟಣ ಇರಲಿ ಎಂಬ ನಿರ್ಧಾರದ ಹಿಂದಿನ ವಿವೇಕವನ್ನು ನಾನು ಒಪ್ಪುತ್ತೇನೆ. ಉಗ್ರಾಣದಲ್ಲಿ ಎರಡು ಬಗೆ ಇದ್ದರೆ ಗಲಿಬಿಲಿಯ ಹೊತ್ತಿನಲ್ಲಿ ಅದಲುಬದಲಾಗುತ್ತದೆ. ಗ್ಲೂಕೋಸಿನ ಬದಲು ಅಕ್ಕಿಹಿಟ್ಟು ಬೇಯಿಸಿ ಮಾಡುವ ಓಆರ್‌ಎಸ್ ಕಾಲರಾ ರೋಗಿಗಳಲ್ಲಿ ಭೇದಿಯ ಪ್ರಮಾಣವನ್ನೇ ತಗ್ಗಿಸುತ್ತದೆ ಎಂಬುದೂ ಸಾಬೀತಾದ ಸಂಗತಿ. ಭೇದಿಯಾದಾಗ ಉಪ್ಪು ಹಾಕಿದ ಗಂಜಿ ತಿಳಿ ಕೊಡುತ್ತಿದ್ದ ನಮ್ಮ ಹಿರಿಯರ ಕೈಯನ್ನು ನೆನೆದು ನನಗೆ ಸಂತೋಷವಾಯಿತು. ಆದರೂ ಪ್ರತಿ ಸಲವೂ ಬೇಯಿಸಿ, ಬೇಗ ಹಳಸುವುದನ್ನು ನೋಡಿಕೊಂಡು ಕೊಡುವುದು ತುಂಬಿ ತುಳುಕುವ ಕೇಂದ್ರದಲ್ಲಿ ಆಗದ ಕೆಲಸ.

ಬಾಯಿಂದ ಕೊಡುವುದಕ್ಕೂ ಮಿತಿ ಇದೆ. ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಂತು ನಿಧಾನಕ್ಕೆ ಇಳಿಯುವ, ಕಣ್ಣು ಗುಳಿಬಿದ್ದ, ಕರೆದರೆ ಓಗೊಡದ, ಕುಡಿಯಲು ಆಗದ ರೋಗಿಗೆ ಪೊಟ್ಟಣ ಸಾಲದು. ಅಂಥವರಿಗೆ ರಕ್ತನಾಳದ ಮೂಲಕ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣ, ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್‌ನಂತೆ, ಕೆಲವೇ ಗಂಟೆಗಳಲ್ಲಿ ಹೋಗಬೇಕು. ಐವತ್ತು ಕಿಲೋ ಮನುಷ್ಯನಿಗೆ ಐದು ಲೀಟರ್. ಹೈಟಿಯಲ್ಲಿ ದಾಖಲಾದ ಮೂರು ಲಕ್ಷ ಚಿಲ್ಲರೆ ಜನರಲ್ಲಿ ಎಷ್ಟೋ ಮಂದಿ ಈ ಹಂತದಲ್ಲಿ ಬಂದವರು. ಕುಡಿಯುವಷ್ಟು ಎಚ್ಚರವಾದ ಕೂಡಲೇ ಅವರ ಕೈಗೂ ಓಆರ್‌ಎಸ್ ಲೋಟ ಬರುತ್ತಿತ್ತು.

ಪುಡಿ ಮಾಡಲಾಗದ ಕೆಲಸಕ್ಕೆ ಹೈಟಿಯಲ್ಲಿ ಸೇರಿಕೊಂಡ ಇನ್ನೊಂದು ವಸ್ತು ಬಾಯಿಗೆ ಹಾಕುವ ಲಸಿಕೆ. 2012ರಲ್ಲಿ ರಾಜಧಾನಿಯ ಕೊಳೆಗೇರಿಗಳಲ್ಲಿ ಮತ್ತು ಆರ್ಟಿಬೊನೈಟ್‌ನ ಭತ್ತದ ಊರುಗಳಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಶಾಂಕಾಲ್ ಎಂಬ ಲಸಿಕೆಯ ಎರಡು ಡೋಸ್ ಕೊಟ್ಟರು. ಅದು ತಯಾರಾಗುತ್ತಿದ್ದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಲಸಿಕೆ ಸೋಂಕನ್ನೇ ತಗ್ಗಿಸುತ್ತದೆ, ಆದರೆ ಪೂರ್ತಿಯಲ್ಲ, ಎಂದೆಂದಿಗೂ ಅಲ್ಲ. ತಣ್ಣನೆಯ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಜಗತ್ತಿನಲ್ಲಿ ಅದರ ದಾಸ್ತಾನು ಯಾವಾಗಲೂ ಬೇಡಿಕೆಗಿಂತ ಕಡಿಮೆ. ಪುಡಿಗೆ ಈ ಯಾವ ತೊಂದರೆಯೂ ಇಲ್ಲ. ತೇವ ತಾಗದಂತೆ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಮೊದಲಿದ್ದ ಸೋಡಾದ ಬದಲು 1980ರ ದಶಕದಲ್ಲಿ ಸಿಟ್ರೇಟ್ ಸೇರಿಸಿದ್ದು ಉಷ್ಣವಲಯದ ಸೆಕೆಯಲ್ಲಿ ಪುಡಿ ಕೆಡದಿರಲೆಂದೇ.

ಮೂರು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ರೋಗಿಯೂ ದೃಢಪಡದೆ ಇದ್ದ ಹೈಟಿಯಲ್ಲಿ 2022ರ ಅಕ್ಟೋಬರ್ 2ರಂದು ಕಾಲರಾ ಮರಳಿ ಕಾಣಿಸಿತು. ಗುಂಪುಗಳ ಹಿಂಸೆ, ಇಂಧನದ ಅಭಾವ, ಅದರಿಂದ ನೀರಿನ ಪೂರೈಕೆ ನಿಂತದ್ದು, ಕಸದ ರಾಶಿ: ಎಲ್ಲವೂ ರಾಜಧಾನಿಯಲ್ಲಿ ಕೂಡಿಬಂದಿದ್ದವು. ವಂಶವಾಹಿ ಪರೀಕ್ಷೆಯಲ್ಲಿ ಅದು 2010ರ ಬ್ಯಾಕ್ಟೀರಿಯಾದ ಸಂತತಿಗೇ ಸೇರಿದ್ದೆಂದು ಕಂಡಿತು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಅಮ್ಮನ ವಾಂತಿಭೇದಿಯ ಆ ರಾತ್ರಿ ನಾನು ಅಂಗಡಿಯಲ್ಲಿ ಓಆರ್‌ಎಸ್ ಕೇಳಿದಾಗ ಕೈಗೆ ಬಂದದ್ದು ಹಣ್ಣಿನ ಚಿತ್ರವಿದ್ದ ಸಿಹಿ ಪಾನೀಯದ ಡಬ್ಬಿ. ಮನೆಗೆ ಬಂದು ಬೆಳಕಿನಲ್ಲಿ ಓದಿದಾಗಲೇ ಸಕ್ಕರೆ ಎಷ್ಟೋ ಪಟ್ಟು ಹೆಚ್ಚು, ಉಪ್ಪು ಬಲು ಕಡಿಮೆ ಎಂದು ತಿಳಿದದ್ದು, ಮತ್ತೆ ಓಡಬೇಕಾಯಿತು. ಅಷ್ಟು ಸಕ್ಕರೆ ಕರುಳಿಗೆ ಹೋದರೆ ಅದು ನೀರನ್ನು ಒಳಗೆಳೆಯುವ ಬದಲು ಹೊರಗೆಳೆದು ಭೇದಿಯನ್ನು ಹೆಚ್ಚಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ಭಾರತದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಕೂಡದೆಂದು ಆದೇಶಿಸಿದ್ದು ಬಹಳ ಒಳ್ಳೆಯ ಕೆಲಸ. ಪುಡಿಯೇ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಟೀ ಚಮಚ, ಗೋಪುರ ಕಟ್ಟದೆ. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಆದರೂ ಪೊಟ್ಟಣ ಸಿಗುವವರೆಗೆ ಇದು ಸಾಕು.

ಪುಡಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪೊಟ್ಟಣದ ಮೇಲಿನ ಬರಹಕ್ಕೆ ಅರ್ಧವನ್ನೂ ಕೊಡಲಾರೆ. ಕರ್ನಾಟಕದಲ್ಲಿ ಹಂಚುವ ಪ್ರತಿ ಪೊಟ್ಟಣದ ಮುಂಭಾಗದಲ್ಲಿ, ಕಂಪನಿಯ ಹೆಸರಿಗಿಂತ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇಷ್ಟು ಇರಲಿ: ಇಡೀ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಮ್ಮೆಲೇ ಹಾಕಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ. ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ, ದಾರಿಯುದ್ದಕ್ಕೂ ಕುಡಿಸುತ್ತಲೇ.